ಹಳೇ ಕನ್ವರ್ಟಿಬಲ್: ಮಳೆ, ಚಳಿ, ಬಿಸಿಲು ಏನೇ ಇದ್ದರೂ ಟಾಪ್ ತೆಗೆದೇ ಓಡಿಸುವವರು ಇದ್ದೀರಾ?

ಕೆಂಪು ರೋಡ್‌ಸ್ಟರ್

ಎಲ್ಲರಿಗೂ ನಮಸ್ಕಾರ. ಬಹಳ ವರ್ಷದ ಆಸೆ ಕೊನೆಗೂ ಈಡೇರಿದೆ, 1972ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬಟ್ಟೆ ಟಾಪ್ ಮಡಚಿಡಬಹುದಾದ ಎರಡು ಸೀಟಿನ ಇಂಗ್ಲಿಷ್ ಕಾರು, ಮನೆಗೆ ಬಂದಿದೆ. ಕ್ರೋಮ್ ಬಂಪರ್‌ನದು, ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್, ಎಂಜಿನ್ ಗಟ್ಟಿಮುಟ್ಟಾಗಿದೆ. ಬಾಡಿ ನೋಡೋಕೆ ಪರವಾಗಿಲ್ಲ, ಒಳಗೆ ಏನಿದೆಯೋ ದೇವರೇ ಬಲ್ಲ.

ಇಂಥ ಕಾರು ತಗೊಂಡು ಟಾಪ್ ಮುಚ್ಚಿಕೊಂಡೇ ಓಡಾಡುವುದಾದರೆ ಮಾಮೂಲಿ ಕಾರೇ ಸಾಕಿತ್ತಲ್ಲ ಅನ್ನೋದು ನನ್ನ ವಾದ. ಅದಕ್ಕೇ ವರ್ಷವಿಡೀ ಟಾಪ್ ತೆಗೆದೇ ಓಡಿಸಬೇಕು ಅಂತ ಹೊರಟಿದ್ದೇನೆ. ಕಾರು ಕೊಟ್ಟವರು "ಸ್ವಲ್ಪ ಸ್ಪೀಡಾಗಿ ಹೋಗ್ತಾ ಇದ್ರೆ ಮಳೆ ಮೈಮೇಲೆ ಬೀಳೋದೇ ಇಲ್ಲ" ಅಂದರು. ಇದು ನಿಜವಾ, ಇಲ್ಲ ಸುಮ್ನೆ ಮಾರೋಕೆ ಹೇಳಿದ ಮಾತಾ? ಇನ್ನೊಂದು ವಿಚಿತ್ರ ಅಂದ್ರೆ, ಮುಂದಕ್ಕೆ ಹೋಗುತ್ತಿದ್ದರೂ ಗಾಳಿ ಮಾತ್ರ ಹಿಂದಿನಿಂದ ಬಂದು ಕತ್ತಿಗೆ ಹೊಡೆಯುತ್ತೆ. ಮುಖಕ್ಕೆ ಏನೂ ಇಲ್ಲ, ಕುತ್ತಿಗೆ ಮಾತ್ರ ತಣ್ಣಗೆ. ಚಳಿಗಾಲದಲ್ಲಿ ಇದನ್ನು ಹೇಗೆ ತಡ್ಕೊಳ್ತೀರಿ? ಒಳಗೆ ನೀರು ಬಿದ್ದರೆ ಈ ವಯಸ್ಸಿನ ಕಾರಿಗೆ ಏನಾಗುತ್ತೆ? ಅನುಭವ ಇರುವವರು ಹೇಳಿ, "ಮಾಡಬೇಡಿ" ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ.

ಗಾಳಿಪಟ

ಮೊದಲಿಗೆ ಶುಭಾಶಯ ಸಾರ್, ಒಳ್ಳೇ ವರ್ಷದ ಕಾರು ಸಿಕ್ಕಿದೆ.

ನಿಮ್ಮ ಮಳೆ ಪ್ರಶ್ನೆಗೆ ಉತ್ತರ: ಅರ್ಧ ನಿಜ. ಅದು ಹನಿಯ ಗಾತ್ರದ ಮೇಲೆ ಹೋಗುತ್ತೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 70 ಕಿ.ಮೀ. ಅಂದರೆ ಸೆಕೆಂಡಿಗೆ 19 ಮೀಟರ್ ಚಿಲ್ಲರೆ. ಮುಂದಿನ ಗಾಜಿನ ಮೇಲಂಚಿನಿಂದ ನಿಮ್ಮ ತಲೆಯ ಹಿಂದಿನವರೆಗೆ ಒಂದು ಮೀಟರ್ ಅಂತ ಇಟ್ಟುಕೊಳ್ಳಿ. ಅಷ್ಟು ದೂರ ದಾಟಲು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ತುಂತುರು ಮಳೆಯ ಹನಿ ಅರ್ಧ ಮಿಲಿಮೀಟರ್ ಇರುತ್ತೆ, ಅದು ಬೀಳೋದು ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ. ಅಂದರೆ ನಿಮ್ಮ ತಲೆ ದಾಟುವಷ್ಟರಲ್ಲಿ ಅದು ಇಳಿಯೋದು 10 ಸೆಂ.ಮೀ. ಮಾತ್ರ. ಅದೂ ಅಲ್ಲದೆ ಗಾಜಿಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮುವಾಗ ಇಂಥ ಹಗುರ ಹನಿಯನ್ನು ತನ್ನ ಜೊತೆಗೇ ಎತ್ತಿಕೊಂಡು ಹೋಗುತ್ತೆ. ಹಾಗಾಗಿ ಬೀಳಲ್ಲ. ಆದರೆ ಜೋರು ಮಳೆಯ 5 ಮಿ.ಮೀ. ಹನಿ ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಬರುತ್ತೆ. ಅಷ್ಟೇ ಹೊತ್ತಿನಲ್ಲಿ ಅದು 45 ಸೆಂ.ಮೀ. ಇಳಿದಿರುತ್ತೆ, ಗಾಳಿ ಅದನ್ನು ಅಷ್ಟು ಸುಲಭವಾಗಿ ಎತ್ತೋಕೂ ಆಗಲ್ಲ. ಆಗ ತೊಡೆ ಮೇಲೆ, ಭುಜದ ಮೇಲೆ ಗ್ಯಾರಂಟಿ.

ನನ್ನ ಅನುಭವದಲ್ಲಿ ತುಂತುರು, ಜಿಟಿಜಿಟಿ ಎರಡೂ ತೊಂದರೆ ಇಲ್ಲ, ಕಾರು ಓಡುತ್ತಾ ಇರುವವರೆಗೆ. ಸಿಗ್ನಲ್ ಬಂತೋ, ಮುಂದೆ ಟ್ರ್ಯಾಕ್ಟರ್ ಸಿಕ್ಕಿತೋ, ಕಥೆ ಮುಗೀತು. ದೊಡ್ಡ ಲಾರಿ ಹಿಂದೆ ಹೋಗಲೇಬೇಡಿ. ಅದರ ಚಕ್ರ ಎಬ್ಬಿಸುವ ನೀರು ಮೇಲಿನಿಂದ ಬರುವುದಿಲ್ಲ, ಮಂಜಿನ ಹಾಗೆ ಎಲ್ಲ ಕಡೆಯಿಂದ ಬರುತ್ತೆ. ಗಾಳಿ ಎಷ್ಟೇ ಬೀಸಿದರೂ ಅದಕ್ಕೆ ಲೆಕ್ಕವಿಲ್ಲ. ಮತ್ತೆ ಯಾರೂ ಹೇಳದ ಒಂದು ವಿಷಯ: ಮಳೆಯಲ್ಲಿ ಹೋಗುವಾಗ ಹಿಂದೆ ಮಡಚಿಟ್ಟ ಟಾಪ್ ಮೇಲಿನ ಕವರ್‌ನ ತಗ್ಗಿನಲ್ಲಿ ನೀರು ನಿಂತಿರುತ್ತೆ. ನೀವು ಬ್ರೇಕ್ ಒತ್ತಿದ ತಕ್ಷಣ ಅದೆಲ್ಲಾ ಮುಂದಕ್ಕೆ ಜಾರಿ ನೇರವಾಗಿ ಬೆನ್ನಿನೊಳಗೆ ಇಳಿಯುತ್ತೆ. ಹಾಗೇ ಗಾಜಿನ ಮೇಲಂಚಿನಲ್ಲಿ ಸಾಲಾಗಿ ನಿಂತ ಹನಿಗಳು ತಿರುವಿನಲ್ಲಿ ಒಂದು ಮೂಲೆಗೆ ಓಡಿ, ಅಲ್ಲಿಂದ ಮೊಣಕಾಲ ಮೇಲೆ ತೊಟ್ಟಿಕ್ಕುತ್ತವೆ. ಬಲಕ್ಕೆ ತಿರುಗಿದರೆ ಎಡಗಡೆಯವರಿಗೆ ಸ್ನಾನ. ಪಕ್ಕದಲ್ಲಿ ಯಾರನ್ನು ಕೂರಿಸಿಕೊಂಡಿದ್ದೀರಿ ನೋಡಿಕೊಂಡು ತಿರುಗಿಸಿ.

ಈಗ ಕುತ್ತಿಗೆ ವಿಷಯ. ಗಾಳಿ ಗಾಜಿನ ಮೇಲಂಚನ್ನು ಬಿಟ್ಟು ಮೇಲೆ ಹಾರಿದ ಮೇಲೆ ಸೀಟುಗಳ ಜಾಗದಲ್ಲಿ ಒತ್ತಡ ಕಮ್ಮಿ ಆಗುತ್ತೆ. ಆ ಖಾಲಿ ಜಾಗ ತುಂಬೋಕೆ ಡಿಕ್ಕಿಯ ಕಡೆಯಿಂದ ಗಾಳಿ ಸುತ್ತಿ ಮುಂದಕ್ಕೆ ಬರುತ್ತೆ. ಎರಡು ಸೀಟಿನ ಮಧ್ಯದ ಸಂದಿಯಲ್ಲಿ ನುಗ್ಗಿ ಕುತ್ತಿಗೆಗೆ ಹೊಡೆಯೋದು ಅದೇ. ಇದಕ್ಕೆ ಮದ್ದು ಸೀಟಿನ ಹಿಂದೆ ನಿಲ್ಲಿಸುವ ವಿಂಡ್ ಡಿಫ್ಲೆಕ್ಟರ್. 1989ರಲ್ಲಿ ಬಂದ ಮರ್ಸಿಡಿಸ್ ಎಸ್‌ಎಲ್‌ಗೆ ಬಲೆ ಬಿಗಿದ ಫ್ರೇಮ್ ಒಂದು ಇತ್ತು, ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಎಂಜಿಬಿಗೂ ಈಗ ಹೊರಗಿನವರು ಮಾಡಿದ್ದು ಸಿಗುತ್ತೆ. ನಿಮಗೆ ಹಳೇ ಕಾರಿಗೆ ಹೊಸ ಸಾಮಾನು ಇಷ್ಟ ಇಲ್ಲ ಅಂದ್ರೆ ಎರಡೂ ಕಡೆಯ ಕಿಟಕಿ ಗಾಜು ಪೂರ್ತಿ ಏರಿಸಿಕೊಳ್ಳಿ, ಅರ್ಧ ತೊಂದರೆ ಅಲ್ಲೇ ಕಡಿಮೆ ಆಗುತ್ತೆ. ಟಾಪ್ ತೆಗೆದು ಗಾಜು ಏರಿಸೋದು ನೋಡೋಕೆ ಚೆನ್ನಾಗಿರಲ್ಲ ಅಂತ ಕೆಲವರು ಇಳಿಸಿಕೊಂಡು ಹೋಗುತ್ತಾರೆ. ಅವರು ಚೆನ್ನಾಗಿ ಕಾಣುತ್ತಾ ನಡುಗಲಿ ಬಿಡಿ.

ತುಕ್ಕು ವೈರಿ

ಗಾಳಿಪಟ ಅವರ ಲೆಕ್ಕ ಸರಿ ಇದೆ. ಆದರೆ ಎಲ್ಲರೂ ಮೈ ಒದ್ದೆಯಾಗೋದರ ಬಗ್ಗೆ ಮಾತಾಡ್ತಾರೆ, ಮೈ ಒರೆಸಿಕೊಂಡರೆ ಒಣಗುತ್ತೆ. ಕಾರು ಒಣಗಲ್ಲ. ನನ್ನ ತಕರಾರು ಅಷ್ಟೇ.

ಎಂಜಿಬಿಗೆ ಬೇರೆ ಚಾಸಿ (ಭಾರ ಹೊರುವ ಕೆಳಗಿನ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಮೇಲೆ ರೂಫ್ ಇಲ್ಲದ ಕಾರಣ ಬಾಗಿಲ ಕೆಳಗೆ ಉದ್ದಕ್ಕೆ ಇರುವ ಟೊಳ್ಳು ತಗಡಿನ ತೊಲೆಗಳು, ಅಂದರೆ ಸಿಲ್‌ಗಳೇ ಇಡೀ ಭಾರ ಹೊರುತ್ತವೆ. ನೀರು ಹೋಗಿ ಕೂರೋದೂ ಅಲ್ಲೇ. ಕಾರ್ಪೆಟ್ ಮೇಲೆ ಬಿದ್ದ ನೀರು ಮೇಲ್ಗಡೆ ಎರಡು ದಿನದಲ್ಲಿ ಒಣಗಿದ ಹಾಗೆ ಕಾಣುತ್ತೆ, ಕೈ ಆಡಿಸಿದರೆ ಒಣಗಿದೆ ಅನ್ನಿಸುತ್ತೆ. ಅದರ ಕೆಳಗೆ ಸೆಣಬಿನ ದಪ್ಪ ಫೆಲ್ಟ್ ಇರುತ್ತಲ್ಲ, ಅದನ್ನು ಎತ್ತಿ ಹಿಂಡಿ ನೋಡಿ. ವಾರವಾದರೂ ನೀರು ಬರುತ್ತೆ. ಅಷ್ಟೂ ದಿನ ಫ್ಲೋರ್ ತಗಡು ಒದ್ದೆ ಬಟ್ಟೆ ಹೊದ್ದುಕೊಂಡು ಕೂತಿರುತ್ತೆ.

ನೀವು "ಒಳಗೆ ಏನಿದೆಯೋ" ಅಂದಿರಲ್ಲ, ಒಂದು ಪರೀಕ್ಷೆ ಮಾಡಿ. ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ ಬಾಗಿಲು ತೆಗೆದು ಹಾಕಿ ನೋಡಿ. ಬಾಗಿಲಿನ ಹಿಂದಿನ ಸಂದಿ ಮೇಲೆ ಕೆಳಗೆ ಒಂದೇ ಸಮ ಇದೆಯಾ ಗಮನಿಸಿ. ಆಮೇಲೆ ಒಂದು ಬದಿಯನ್ನು ಜಾಕ್ ಮೇಲೆ ನಿಧಾನವಾಗಿ ಎತ್ತಿ, ಅದೇ ಬಾಗಿಲು ಮತ್ತೆ ತೆಗೆಯಿರಿ. ಸಂದಿ ಕಿರಿದಾಗಿ ಬಾಗಿಲು ಹಿಡಿದುಕೊಂಡರೆ ಸಿಲ್ ಹೋಗಿದೆ ಅಂತ ಅರ್ಥ. ಹಾಗಿದ್ದರೆ ಮಳೆ, ಚಳಿ ಎಲ್ಲ ಆಮೇಲೆ, ಮೊದಲು ಟಿಂಕರಿಂಗ್. ಮೇಲೆ ಮೇಲೆ ಇನ್ನೊಂದು ತಗಡು ಬಡಿದು ಪೇಂಟ್ ಹೊಡೆದು ಕೊಡುವವರು ಬಹಳ ಜನ ಇದ್ದಾರೆ, ಒಳಗಿನ ಪದರ ಬದಲಾಯಿಸದೆ ಅದರಿಂದ ಏನೂ ಪ್ರಯೋಜನ ಇಲ್ಲ.

ಸಿಲ್ ಗಟ್ಟಿ ಇದೆ, ನಾನು ಮಳೆಯಲ್ಲೇ ಓಡಿಸುತ್ತೇನೆ ಅನ್ನೋದಾದರೆ ಆ ಫೆಲ್ಟ್ ಕಿತ್ತು ಎಸೆಯಿರಿ. ರಬ್ಬರ್ ಮ್ಯಾಟ್ ಹಾಕಿ, ಪ್ರತಿ ಸಲ ಎತ್ತಿ ಒರೆಸೋಕೆ ಬರಬೇಕು. ಕಾಲಿಡುವ ಜಾಗದಲ್ಲಿ ಫ್ಲೋರ್‌ಗೆ ರಬ್ಬರ್ ಬಿರಡೆಗಳಿವೆ, ನೀರು ಬಿದ್ದ ದಿನ ಅವನ್ನು ಕಿತ್ತಿಡಿ. ಸಿಲ್ ಕೆಳಗಿನ ನೀರು ಹೋಗುವ ತೂತುಗಳಲ್ಲಿ ಹಳೇ ಅಂಡರ್‌ಕೋಟಿಂಗ್ ತುಂಬಿಕೊಂಡಿರುತ್ತೆ, ತಂತಿ ಹಾಕಿ ಬಿಡಿಸಿ. ಸಿಲ್ ಒಳಗೆ ತುಕ್ಕು ತಡೆಯುವ ವ್ಯಾಕ್ಸ್ ಹೊಡೆಸಿ.

ಇದು ಹಳೇ ಇಂಗ್ಲಿಷ್ ಕಾರಿನ ರೋಗ ಮಾತ್ರ ಅಂದುಕೊಳ್ಳಬೇಡಿ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕೂಡ ಟಾಪ್‌ನಿಂದ ಇಳಿಯುವ ನೀರಿನ ಪೈಪ್ ಎಲೆ ಕಸದಿಂದ ಕಟ್ಟಿಕೊಂಡರೆ ಹಿಂದಿನ ಚಕ್ರದ ಮುಂದಿನ ಸಿಲ್‌ನಲ್ಲಿ ಹೀಗೇ ತುಕ್ಕು ಹಿಡಿಯುತ್ತೆ.

ನಾನು ಮಾತ್ರ ಮೋಡ ಕಂಡರೆ ಟಾಪ್ ಹಾಕುವವನು. ಅಂಜುಬುರುಕ ಅಂತ ಕರೆದರೂ ಪರವಾಗಿಲ್ಲ, ನನ್ನ ಫ್ಲೋರ್ ಮಾತ್ರ ಮೂಲ ತಗಡೇ ಇದೆ.

ಗಾಳಿಪಟ

ಟಾಪ್ ಹಾಕಿದರೆ ನೀರು ಬರಲ್ಲ ಅಂತ ಯಾರು ಹೇಳಿದ್ದು ಗುರು? ಆ ಕಾಲದ ಕಾರುಗಳಲ್ಲಿ ಗಾಜಿನ ಮೂಲೆಯಲ್ಲಿ ಟಾಪ್ ಕೂರುವ ಕಡೆಯಿಂದ ನೀರು ಸೀದಾ ಬಲ ಮೊಣಕಾಲಿಗೇ ಬರುತ್ತೆ. ಟಾಪ್ ಹಾಕಿದ್ದೀನಿ ಅನ್ನೋ ನೆಮ್ಮದಿಯಲ್ಲಿ ಯಾರೂ ಕಾರ್ಪೆಟ್ ಎತ್ತಿ ನೋಡಲ್ಲ. ಟಾಪ್ ತೆಗೆದು ಓಡಿಸುವವನಿಗೆ ಒಳಗೆ ಒದ್ದೆಯಾಗಿದೆ ಅಂತ ಗೊತ್ತಿರುತ್ತೆ, ಅದಕ್ಕೇ ಒಣಗಿಸ್ತಾನೆ.

ಇನ್ನೊಂದು, ನೋಟದ ವಿಷಯ. ಟಾಪ್ ಹಾಕಿಕೊಂಡು ಮಳೆಯಲ್ಲಿ ಹೋದರೆ ನಮ್ಮ ಉಸಿರಿಗೇ ಒಳಗಿನ ಗಾಜೆಲ್ಲಾ ಮಂಜಾಗುತ್ತೆ, ಹಳೇ ಹೀಟರ್ ಅದನ್ನು ಬಿಡಿಸುವಷ್ಟರಲ್ಲಿ ಊರು ಸೇರಿರುತ್ತೇವೆ. ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ ಏನೂ ಕಾಣಲ್ಲ. ಟಾಪ್ ತೆಗೆದರೆ ಒಳಗೆ ಹೊರಗೆ ಒಂದೇ ಗಾಳಿ, ಗಾಜು ಮಂಜಾಗೋದು ಅಪರೂಪ. ಮುಂದಿನ ಗಾಜಿನ ಒಳಬದಿಗೂ, ಕನ್ನಡಿಗೂ ಹನಿ ಕೂರುತ್ತೆ ನಿಜ, ವೈಪರ್ ಒಳಗಡೆ ಇಲ್ಲ ಅನ್ನೋದೂ ನಿಜ. ಒಂದು ಮೈಕ್ರೋಫೈಬರ್ ಬಟ್ಟೆ ಕೈಗೆಟುಕುವ ಜಾಗದಲ್ಲಿರಲಿ.

ತುಕ್ಕು ವೈರಿ

ಒಣಗಿಸ್ತಾನೆ ಅಂತ ನೀವು ಹೇಳ್ತೀರಿ. ನನ್ನ ಹತ್ತಿರ ಬರುವ ಕಾರುಗಳನ್ನು ನೋಡಿದರೆ ಹಾಗೆ ಅನ್ನಿಸಲ್ಲ :) ಆದರೆ ಸೋರುವ ಟಾಪ್ ಬಗ್ಗೆ ನಿಮ್ಮ ಮಾತು ಒಪ್ಪಿದೆ.

ಸೈಡ್ ಸ್ಕ್ರೀನ್

ಚಳಿ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನನ್ನದು ಟ್ರಯಂಫ್ ಟಿಆರ್3. ಇದರಲ್ಲಿ ಏರಿಸುವ ಕಿಟಕಿ ಗಾಜೇ ಇಲ್ಲ, ಬಾಗಿಲಿಗೆ ಸಿಕ್ಕಿಸುವ ಸೈಡ್ ಸ್ಕ್ರೀನ್ ಅಷ್ಟೇ. ತಿರುಗಿಸುವ ಹಿಡಿಕೆಯ ಗಾಜು ಬಂದಿದ್ದು 1961ರ ಟಿಆರ್4ಗೆ. ಎಂಜಿಬಿಗೆ ಮೊದಲಿದ್ದ ಎಂಜಿಎಗೂ ಇದೇ ಕಥೆ, 1962ರಲ್ಲಿ ನಿಮ್ಮ ಎಂಜಿಬಿ ಬಂದಾಗ ಗಾಜು ಏರಿಸಬಹುದು ಅನ್ನೋದೇ ದೊಡ್ಡ ಸುಖವಾಗಿತ್ತು. ಅಂದರೆ ನೀವು ಆಗಲೇ ಐಷಾರಾಮಿ ಕಾರಿನಲ್ಲಿ ಕೂತಿದ್ದೀರಿ, ಚಳಿ ಅಂತ ದೂರಬೇಡಿ.

ಆಗಿನ ಕಾರುಗಳಲ್ಲಿ ಹೀಟರ್ ಕೂಡ ಎಷ್ಟೋ ಮಾಡೆಲ್‌ಗಳಿಗೆ ಬೇಕಿದ್ದರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಸಾಮಾನು. ಮೊದಮೊದಲ ಎಂಜಿಬಿ ಮತ್ತು ಟ್ರಯಂಫ್ ಸ್ಪಿಟ್‌ಫೈರ್‌ಗಳಲ್ಲಿ ಟಾಪ್‌ನ ಕಂಬಿಗಳನ್ನು ಬಿಚ್ಚಿ ಡಿಕ್ಕಿಯಲ್ಲಿ ಇಡುತ್ತಿದ್ದರು. ಮಳೆ ಶುರುವಾದ ಮೇಲೆ ಕಾರು ನಿಲ್ಲಿಸಿ, ಕಂಬಿ ಜೋಡಿಸಿ, ಬಟ್ಟೆ ಎಳೆದು, ಗುಂಡಿ ಒತ್ತಿ ಮುಗಿಸುವಷ್ಟರಲ್ಲಿ ಮಳೆಯೇ ನಿಂತಿರುತ್ತಿತ್ತು. ಟಾಪ್ ತೆಗೆದೇ ಓಡಿಸುವ ಅಭ್ಯಾಸ ಹುಟ್ಟಿದ್ದಕ್ಕೆ ಶೌರ್ಯ ಒಂದೇ ಕಾರಣ ಅಲ್ಲ, ಸೋಮಾರಿತನವೂ ಇದೆ. ಅದೇ ಹೊತ್ತಿಗೆ 1966ರಲ್ಲಿ ಬಂದ ಆಲ್ಫಾ ರೋಮಿಯೊ ಸ್ಪೈಡರ್‌ನಲ್ಲಿ ಸೀಟಿನಲ್ಲಿ ಕೂತೇ ಒಂದು ಕೈ ಹಿಂದೆ ಹಾಕಿ ಟಾಪ್ ಎಳೆದುಕೊಳ್ಳಬಹುದಿತ್ತು. ಅಂಥವರ ಹತ್ತಿರ ನನಗೆ ಸಣ್ಣ ಹೊಟ್ಟೆಕಿಚ್ಚು ಇದೆ.

ಚಳಿಗೆ ನಿಜವಾದ ಮದ್ದು ಟೊನೊ ಕವರ್. ಸೀಟುಗಳ ಮೇಲೆ ಪೂರ್ತಿ ಹೊದಿಸುವ ರೆಗ್ಸಿನ್ ಹೊದಿಕೆ, ಮಧ್ಯದಲ್ಲಿ ಉದ್ದಕ್ಕೆ ಜಿಪ್. ಬಹಳ ಜನ ಇದನ್ನು ಕಾರು ನಿಲ್ಲಿಸಿದಾಗ ಮುಚ್ಚೋಕೆ ಅಂದುಕೊಂಡಿದ್ದಾರೆ. ಒಬ್ಬರೇ ಹೋಗುವಾಗ ಜಿಪ್ ತೆಗೆದು ನಿಮ್ಮ ಕಡೆಯದನ್ನು ಮಾತ್ರ ಹಿಂದಕ್ಕೆ ಮಡಚಿ, ಪಕ್ಕದ ಸೀಟು ಮುಚ್ಚಿಯೇ ಇರಲಿ. ಹೀಟರ್ ಬಿಸಿ ಆ ಹೊದಿಕೆಯ ಕೆಳಗೇ ಉಳಿಯುತ್ತೆ, ಕಾಲಿನಿಂದ ಸೊಂಟದವರೆಗೆ ಬೆಚ್ಚಗೆ. ಹಿಂದಿನಿಂದ ಸುತ್ತಿ ಬರುವ ಗಾಳಿಗೂ ಪಕ್ಕದ ಸೀಟಿನ ಸಂದಿ ಬಂದ್. ಮಳೆ ಬಂದರೆ ಆ ಕಡೆ ಫ್ಲೋರ್‌ಗೂ ನೀರಿಲ್ಲ, ತುಕ್ಕು ವೈರಿ ಅವರಿಗೂ ಅರ್ಧ ಸಮಾಧಾನ. ಡಿಫ್ಲೆಕ್ಟರ್‌ಗೆ ಖರ್ಚು ಮಾಡುವ ಮೊದಲು ನಿಮ್ಮ ಕಾರಿನ ಜೊತೆ ಟೊನೊ ಬಂದಿದೆಯಾ ಹುಡುಕಿ, ಬಹುಶಃ ಡಿಕ್ಕಿಯ ಮೂಲೆಯಲ್ಲಿ ಸ್ಟೆಪ್ನಿ ಪಕ್ಕ ಮುದುರಿಕೊಂಡು ಬಿದ್ದಿರುತ್ತೆ.

ಹೀಟರ್ ಕೆಲಸ ಮಾಡ್ತಿಲ್ಲ ಅಂದ್ರೆ ಮೊದಲು ಎಂಜಿನ್ ಪಕ್ಕದ ಬಿಸಿನೀರಿನ ವಾಲ್ವ್ ನೋಡಿ. ವರ್ಷಗಟ್ಟಲೆ ಮುಟ್ಟದೆ ಜಾಮ್ ಆಗಿರುತ್ತೆ, ಡ್ಯಾಶ್‌ನಲ್ಲಿ ಗುಂಡಿ ತಿರುಗುತ್ತೆ ಆದರೆ ಅಲ್ಲಿ ಏನೂ ತೆರೆಯಲ್ಲ. ಆಮೇಲೆ ಹೀಟರ್ ಒಳಗಿನ ಕೆಸರು ತೊಳೆಸಿ. ಫ್ಯಾನ್ ಕೊನೆಗೆ ನೋಡಿದರೂ ಸಾಕು, ಕಾರು ಓಡುವಾಗ ಗಾಳಿ ತಾನಾಗೇ ನುಗ್ಗುತ್ತೆ.

ಬಟ್ಟೆ ವಿಷಯದಲ್ಲಿ ದಪ್ಪಕ್ಕಿಂತ ಗಾಳಿ ತಡೆಯೋದು ಮುಖ್ಯ. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 50 ಕಿ.ಮೀ. ಗಾಳಿ ನೇರ ಮೈಗೆ ತಾಗಿದರೆ ಚರ್ಮಕ್ಕೆ ಅದು ಮೈನಸ್ 1 ಡಿಗ್ರಿ ಇದ್ದ ಹಾಗೆ ಅನ್ನಿಸುತ್ತೆ. ಕಾರಿನ ಗಾಜು, ಬಾಗಿಲು ಬಹಳಷ್ಟನ್ನು ತಡೆಯುತ್ತವೆ, ಉಳಿಯೋದು ಕಿವಿ, ಕುತ್ತಿಗೆ, ಬೆರಳು. ದಪ್ಪ ಉಣ್ಣೆ ಸ್ವೆಟರ್ ಒಂದೇ ಹಾಕಿದರೆ ಗಾಳಿ ಅದರೊಳಗೆ ತೂರಿ ಹೋಗುತ್ತೆ, ಮೇಲೊಂದು ಗಾಳಿ ತೂರದ ಜಾಕೆಟ್ ಬೇಕು. ಮಫ್ಲರ್ ತುದಿ ಒಳಗೆ ಸೇರಿಸಿಕೊಳ್ಳಿ. ಕಿವಿ ಮುಚ್ಚುವ ಟೋಪಿ ಸಾಕು, ಬೆಂಕಿ ಆರಿಸುವವರ ಹಾಗೆ ತಯಾರಾಗಬೇಕಿಲ್ಲ.

ಕೆಂಪು ರೋಡ್‌ಸ್ಟರ್

ಎಲ್ಲರಿಗೂ ಧನ್ಯವಾದ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಬಾಗಿಲು ಪರೀಕ್ಷೆ ಮಾಡಿದೆ. ಎಡಗಡೆ ಚೆನ್ನಾಗಿದೆ, ಬಲಗಡೆ ಜಾಕ್ ಎತ್ತಿದಾಗ ಸಂದಿ ಸ್ವಲ್ಪ ಕಿರಿದಾಯಿತು ಆದರೆ ಬಾಗಿಲು ಹಿಡಿಯಲಿಲ್ಲ. ತುಕ್ಕು ವೈರಿ ಅಣ್ಣ, ಇದು ಗಾಬರಿ ಪಡುವ ವಿಷಯವಾ?

ಟೊನೊ ಸಿಕ್ಕಿತು! ಹೇಳಿದ ಹಾಗೇ ಸ್ಟೆಪ್ನಿ ಪಕ್ಕ ಇತ್ತು. ಆದರೆ ಎಷ್ಟು ಎಳೆದರೂ ಮುಂದಿನ ಗುಂಡಿಗಳಿಗೆ ಎಟುಕುತ್ತಿಲ್ಲ, ಎರಡು ಬೆರಳಷ್ಟು ಸಾಲದು. ಜಿಪ್ ಕೂಡ ಅರ್ಧಕ್ಕೇ ನಿಲ್ಲುತ್ತೆ. ಬೇರೆ ಕಾರಿನದು ಇರಬಹುದಾ?

ಮತ್ತೆ ಬಿಸಿಲಿನ ಬಗ್ಗೆ ಯಾರೂ ಹೇಳಿಲ್ಲ. ಬೇಸಿಗೆ ಸುಲಭ ಅಲ್ವಾ?

ನೆತ್ತಿ ಬಿಸಿ

ಬೇಸಿಗೆ ಸುಲಭ ಅಂದವರನ್ನು ಮಧ್ಯಾಹ್ನ ಟ್ರಾಫಿಕ್ ಜಾಮ್‌ನಲ್ಲಿ ನಿಲ್ಲಿಸಬೇಕು.

ನನ್ನ ಪ್ರಕಾರ ಓಪನ್ ಕಾರಿಗೆ ಮಳೆಗಿಂತ, ಚಳಿಗಿಂತ ಕಷ್ಟದ್ದು ಬಿಸಿಲೇ. ಚಳಿಗೆ ಬಟ್ಟೆ ಹಾಕ್ಕೊಬಹುದು, ಬಿಸಿಲಿಗೆ ಎಷ್ಟು ಅಂತ ಬಿಚ್ಚೋದು? ಓಡುತ್ತಿರುವಾಗ ಗಾಳಿ ಬೆವರನ್ನು ಒಣಗಿಸುತ್ತೆ, ಸುಡುತ್ತಿರೋದೇ ಗೊತ್ತಾಗಲ್ಲ. ಸಂಜೆ ಕನ್ನಡಿ ನೋಡಿಕೊಂಡಾಗ ಗೊತ್ತಾಗುತ್ತೆ. ಮೋಡ ಇದ್ದರೂ ಅಲ್ಟ್ರಾವಯಲೆಟ್ ಬಹಳಷ್ಟು ಬಂದೇ ಬರುತ್ತೆ. ಹಣೆ, ಮೂಗು, ಕಿವಿಯ ತುದಿ, ಸ್ಟೀರಿಂಗ್ ಹಿಡಿದ ಕೈಯ ಮೇಲ್ಭಾಗ, ಇಷ್ಟಕ್ಕೆ ಸನ್‌ಸ್ಕ್ರೀನ್ ಹಚ್ಚದೆ ಹೊರಡಬೇಡಿ. ಕಿವಿಯ ತುದಿ ಎಲ್ಲರೂ ಮರೆಯೋದು. ಬೇಸ್‌ಬಾಲ್ ಟೋಪಿ ಹಾರಿ ಹೋಗುತ್ತೆ, ತಲೆಗೆ ಅಂಟಿಕೊಳ್ಳುವ ಬಟ್ಟೆ ಟೋಪಿ ಒಳ್ಳೆಯದು.

ಕಾರಿನ ಬಿಸಿ ಬೇರೆ. ಆ ಕಾಲದ ಕಾರುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಸೈಲೆನ್ಸರ್ ಪೈಪ್ ಎಲ್ಲಾ ನಿಮ್ಮ ಕಾಲಿನ ಪಕ್ಕವೇ ಇರುತ್ತವೆ. ದೊಡ್ಡ ಆಸ್ಟಿನ್-ಹೀಲಿ 3000 ಓಡಿಸಿದವರನ್ನು ಕೇಳಿ, ಮೇಲೆ ಬಿಸಿಲು ಕೆಳಗೆ ಒಲೆ. ಎಂಜಿನ್ ಟೆಂಪರೇಚರ್ ಏರುತ್ತಾ ಇದ್ದರೆ ಹೀಟರ್ ಪೂರ್ತಿ ತೆರೆದರೆ ಒಂದಷ್ಟು ಬಿಸಿ ಆ ಕಡೆ ಹೋಗುತ್ತೆ. ಬೇಸಿಗೆಯಲ್ಲಿ ಹೀಟರ್ ಹಾಕಿಕೊಂಡು ಕೂರೋದು ಹುಚ್ಚುತನ ಅನ್ನಿಸುತ್ತೆ, ಆದರೆ ರೇಡಿಯೇಟರ್ ಕುದಿಯೋದಕ್ಕಿಂತ ವಾಸಿ. ಟಾಪ್ ಇಲ್ಲದಿರೋದೇ ಆಗ ಉಪಯೋಗಕ್ಕೆ ಬರೋದು.

ನಿಲ್ಲಿಸುವಾಗ ಕಪ್ಪು ಸೀಟಿನ ಮೇಲೆ ಬಿಳಿ ಬಟ್ಟೆ ಹಾಕಿ ಹೋಗಿ. ಬಾಕಿ ನಿಮಗೇ ಅರ್ಥ ಆಗುತ್ತೆ.

ಬ್ರೇಕ್ ಡ್ರಮ್

ಎಲ್ಲಾ ಓದಿದೆ. ಒಂದು ವಿಷಯಕ್ಕೆ ಯಾರಾದರೂ ಗೆರೆ ಎಳೆಯಬೇಕು, ನಾನೇ ಎಳೆಯುತ್ತೇನೆ. "ಎಲ್ಲಾ ಹವಾಮಾನ" ಅಂದ್ರೆ ಸಿಡಿಲು ಸೇರಿಲ್ಲ. ಸಾಮಾನ್ಯ ಕಾರಿನಲ್ಲಿ ಸಿಡಿಲಿನಿಂದ ಕಾಪಾಡೋದು ಟಯರ್‌ನ ರಬ್ಬರ್ ಅಲ್ಲ, ಸುತ್ತ ಇರುವ ಲೋಹದ ಬಾಡಿ ಮತ್ತು ರೂಫ್. ಕರೆಂಟು ಹೊರಗಿನ ತಗಡಿನಲ್ಲೇ ಹರಿದು ನೆಲಕ್ಕೆ ಹೋಗುತ್ತೆ. ನಮ್ಮ ಕಾರಿನಲ್ಲಿ ಟಾಪ್ ತೆಗೆದಿರಲಿ, ಬಟ್ಟೆ ಟಾಪ್ ಹಾಕಿರಲಿ, ತಲೆ ಮೇಲೆ ಲೋಹ ಇಲ್ಲ. ಗುಡುಗು ಕೇಳಿದರೆ ಕಟ್ಟಡದ ಒಳಗೆ ಹೋಗಿ. ಆಲಿಕಲ್ಲಿಗೂ ಇದೇ ಮಾತು.

ಇನ್ನು ಗಾಳಿಪಟ ಅವರ 70ರ ಲೆಕ್ಕ ಓದಿ ಯಾರೂ ಒದ್ದೆ ರಸ್ತೆಯಲ್ಲಿ ಒಣಗಿರೋಕೆ ಅಂತ ಆಕ್ಸಿಲರೇಟರ್ ಒತ್ತಬೇಡಿ. ಈ ಕಾರುಗಳಿಗೆ ಎಬಿಎಸ್ ಇಲ್ಲ, ಹಿಂದಿನ ಚಕ್ರ ತಳ್ಳುವ ಗಾಡಿ, ತಿರುವಿನಲ್ಲಿ ಕಾಲು ತಟ್ಟನೆ ತೆಗೆದರೂ ಹಿಂಭಾಗ ಜಾರಬಹುದು. ಎಂಜಿಬಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಅದಕ್ಕಿಂತ ಹಳೇ ಎಂಜಿ ಟಿಸಿ ತರಹದ್ದು ನಾಲ್ಕೂ ಡ್ರಮ್, ನೀರು ಹೋದರೆ ಮೊದಲ ಸಲ ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಯುತ್ತೋ ಇಲ್ವೋ ಅಂತ ಅನುಮಾನ. ನೀರು ದಾಟಿದ ಮೇಲೆ ಎಡಗಾಲಿನಲ್ಲಿ ಹಗುರವಾಗಿ ಒತ್ತಿಕೊಂಡು ಸ್ವಲ್ಪ ದೂರ ಹೋಗಿ ಒಣಗಿಸಿ.

ಟಯರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2314 ಅಂದ್ರೆ 2014ರ 23ನೇ ವಾರ. ಹಳೇ ಕಾರು ಕಮ್ಮಿ ಓಡುತ್ತೆ, ಟಯರ್ ಮೇಲಿನ ಗೀರುಗಳು ಹೊಸದರ ಹಾಗೇ ಇರುತ್ತವೆ, ಒಳಗೆ ರಬ್ಬರ್ ಮಾತ್ರ ಕಲ್ಲಾಗಿರುತ್ತೆ. ಒಣ ರಸ್ತೆಯಲ್ಲಿ ಗೊತ್ತಾಗಲ್ಲ, ಮಳೆ ಬಂದ ದಿನ ಗೊತ್ತಾಗುತ್ತೆ.

ಲೈಟ್, ವೈಪರ್, ಹೀಟರ್ ಫ್ಯಾನ್ ಮೂರೂ ಒಟ್ಟಿಗೆ ಹಾಕಿದಾಗ ಕರೆಂಟು ಸಾಲುತ್ತಾ ನೋಡಿಕೊಳ್ಳಿ. ನಿಮ್ಮದು 1967ರ ನಂತರದ್ದು, ಕರೆಂಟು ಮಾಡೋಕೆ ಆಲ್ಟರ್ನೇಟರ್ ಇರುತ್ತೆ, ತೊಂದರೆ ಕಮ್ಮಿ. ಅದರ ಬದಲು ಹಳೇ ತರಹದ ಡೈನಮೊ ಇರುವ ಕಾರಿನಲ್ಲಿ ಸಿಗ್ನಲ್ ಹತ್ತಿರ ನಿಂತಾಗ ಲೈಟ್ ಮಂಕಾಗುತ್ತೆ. ಅರ್ಥಿಂಗ್ ವೈರ್ ಕೂರುವ ಜಾಗಗಳನ್ನು ಉಜ್ಜಿ ಶುಚಿ ಮಾಡಿ, ಹಳೇ ಕಾರಿನ ಮಳೆಗಾಲದ ಕರೆಂಟು ಕಾಯಿಲೆ ಬಹಳಷ್ಟು ಅಲ್ಲೇ ಇರೋದು.

ಹೈವೇಯಲ್ಲಿ ದೂರ ಹೋಗುವುದಾದರೆ ಇಯರ್‌ಪ್ಲಗ್ ಹಾಕಿಕೊಳ್ಳಿ. 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಅನ್ನೋದು ಕಿವಿ ತಡೆಯುವ ಮಿತಿ ಅಂತ ಇಟ್ಟಿದ್ದಾರೆ, ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧ ಆಗುತ್ತೆ. ಓಪನ್ ಕಾರಿನ ಗಾಳಿ ಸದ್ದು ಆ ಮಟ್ಟ ಮುಟ್ಟೋದು ಸುಲಭ. ಹಾರ್ನ್, ಸೈರನ್ ಪ್ಲಗ್ ಇದ್ದರೂ ಕೇಳುತ್ತೆ.

ತುಕ್ಕು ವೈರಿ

ಕೆಂಪು ರೋಡ್‌ಸ್ಟರ್ ಅವರೇ, ಸಂದಿ ಸ್ವಲ್ಪ ಕಿರಿದಾಗೋದು ಓಪನ್ ಕಾರಿನಲ್ಲಿ ಇದ್ದದ್ದೇ. ಆದರೆ ಎಡ ಬಲ ಬೇರೆ ಬೇರೆ ಇದೆ ಅಂದಿರಲ್ಲ, ಅದು ನನಗೆ ಹಿಡಿಸಲಿಲ್ಲ. ಬಲಗಡೆ ಕಾರ್ಪೆಟ್ ಎತ್ತಿ, ಫ್ಲೋರ್ ಮತ್ತು ಸಿಲ್ ಸೇರುವ ಅಂಚಿನ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಎಲ್ಲಿ ಡಬ್ಬ ಸದ್ದಾಗುತ್ತೋ ಅಲ್ಲಿ ತುದಿಯಿಂದ ಒತ್ತಿ ನೋಡಿ. ಒಳಗೆ ಹೋಗದಿದ್ದರೆ ಈ ವರ್ಷ ಓಡಿಸಿ, ವ್ಯಾಕ್ಸ್ ಮಾತ್ರ ಮರೆಯಬೇಡಿ. ಒಳಗೆ ಹೋದರೆ ಅದು ದುರಸ್ತಿ ಆಗುವವರೆಗೆ ನಾನಾಗಿದ್ದರೆ ಮಳೆಗೆ ತೆಗೆಯುತ್ತಿರಲಿಲ್ಲ.

ಇನ್ನೊಂದು. ಮಳೆಯಲ್ಲಿ ಟಾಪ್ ಹಾಕಿ ಬಂದಿದ್ದರೆ ಒದ್ದೆ ಇರುವಾಗಲೇ ಮಡಚಬೇಡಿ, ಬೂಷ್ಟು ಹಿಡಿದು ಹೊಲಿಗೆ ಕೊಳೆಯುತ್ತೆ. ಚಳಿಯಲ್ಲಿ ಹಿಂದಿನ ಪ್ಲಾಸ್ಟಿಕ್ ಕಿಟಕಿ ಬಿರುಸಾಗಿರುತ್ತೆ, ಆಗ ಮಡಚಿದರೆ ಮಡಿಕೆಯಲ್ಲೇ ಸೀಳು ಬಿಡುತ್ತೆ. ಬಿಸಿಲಿಗೆ ಸ್ವಲ್ಪ ಹೊತ್ತು ನಿಲ್ಲಿಸಿ, ಮಡಚುವಾಗ ಮಧ್ಯೆ ಒಂದು ಮೆತ್ತನೆ ಟವೆಲ್ ಇಡಿ.

ಸೈಡ್ ಸ್ಕ್ರೀನ್

ಟೊನೊ ನಿಮ್ಮ ಕಾರಿನದ್ದೇ ಇರುತ್ತೆ, ರೆಗ್ಸಿನ್ ಕುಗ್ಗಿದೆ ಅಷ್ಟೇ. ವರ್ಷಗಟ್ಟಲೆ ಮುದುರಿಟ್ಟರೆ ಎಲ್ಲಾ ಹೀಗೇ ಆಗೋದು. ಒಣ ದಿನ ನೋಡಿ ಬಿಸಿಲಲ್ಲಿ ಹರಡಿ, ಕೈಗೆ ಬೆಚ್ಚಗೆ ಹತ್ತಿ ಮೆತ್ತಗಾಗಲಿ. ಮೊದಲು ಹಿಂದಿನ ಗುಂಡಿಗಳನ್ನು ಹಾಕಿ, ಆಮೇಲೆ ಮಧ್ಯದಿಂದ ಶುರು ಮಾಡಿ ಮುಂದಕ್ಕೆ ಎಳೆಯಿರಿ, ಮೂಲೆಯಿಂದ ಎಳೆದರೆ ಗುಂಡಿ ಬಟ್ಟೆಯಿಂದ ಕಿತ್ತು ಬರುತ್ತೆ. ಮೊದಲ ದಿನವೇ ಎಟುಕದಿದ್ದರೆ ಎಷ್ಟು ಬಂತೋ ಅಷ್ಟಕ್ಕೆ ಹಾಕಿ ಬಿಸಿಲಲ್ಲೇ ಬಿಡಿ, ಮರುದಿನ ಮತ್ತೆ ಎಳೆಯಿರಿ. ಜಿಪ್‌ಗೆ ಮೇಣದಬತ್ತಿ ಉಜ್ಜಿ ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ಎಣ್ಣೆ ಹಾಕಬೇಡಿ, ಧೂಳು ಹಿಡಿದು ಮೊದಲಿಗಿಂತ ಕೆಡುತ್ತೆ. ಗುಂಡಿಗಳಿಗೆ ಬೆರಳ ತುದಿಯಷ್ಟು ವ್ಯಾಸಲೀನ್ ಸಾಕು.

ಕೆಂಪು ರೋಡ್‌ಸ್ಟರ್

ಸ್ಕ್ರೂಡ್ರೈವರ್ ಒಳಗೆ ಹೋಗಲಿಲ್ಲ! ಫೆಲ್ಟ್ ಮಾತ್ರ ಕಿತ್ತು ಹಾಕಿದೆ, ಅದರ ವಾಸನೆ ಹೇಳತೀರದು. ಟೊನೊ ಬಿಸಿಲಿಗೆ ಹಾಕಿದ್ದೇನೆ, ಒಂದು ಬೆರಳಷ್ಟು ಆಗಲೇ ಬಿಟ್ಟುಕೊಟ್ಟಿದೆ. ಟಯರ್ ಮೇಲೆ ನಾಲ್ಕು ಅಂಕಿ ಹುಡುಕಿದರೆ ಮೂರೇ ಇವೆ, ಇದಕ್ಕೇನು ಅರ್ಥ?

ಬ್ರೇಕ್ ಡ್ರಮ್

ಮೂರೇ ಅಂಕಿ ಅಂದ್ರೆ ಆ ಟಯರ್ 2000ಕ್ಕಿಂತ ಮೊದಲು ಮಾಡಿದ್ದು. ಕಾರನ್ನು ರಸ್ತೆಗೆ ತೆಗೆಯಬೇಡಿ, ಮೊದಲು ಐದೂ ಟಯರ್ ಬದಲಾಯಿಸಿ. ಸ್ಟೆಪ್ನಿ ಸೇರಿಸಿಯೇ ಐದು.